ವಯಸ್ಸು ಬಿಟ್ಟು ತಬಲಾದ ಶ್ರುತಿ ನೋಡಿ ಕರೆದೆವು: ನಮ್ಮ ದೇವರನಾಮ ಸ್ಪರ್ಧೆಯ ಅನುಭವ

ಸಾಗರದ ನಮ್ಮ ಬಡಾವಣೆಯಲ್ಲಿ ಪುರಂದರದಾಸರ ಆರಾಧನೆ ಹೊತ್ತಿಗೆ ದೇವರನಾಮ ಸ್ಪರ್ಧೆ ಮಾಡುತ್ತೇವೆ. ಆರು ವರ್ಷದ ಮಗುವಿನಿಂದ ಎಂಬತ್ತರ ಅಜ್ಜಿಯವರೆಗೆ ಯಾರು ಬೇಕಾದರೂ ಹಾಡಬಹುದು. ಈ ಸಲ ಹತ್ತಿರ ಹತ್ತಿರ 60 ಜನ ಹಾಡಿದರು. ಬೆಳಿಗ್ಗೆ 9ಕ್ಕೆ ಶುರುವಾಗಿದ್ದು ಎರಡೂವರೆ ಒಳಗೆ ಬಹುಮಾನ ಕೊಟ್ಟು ಮುಗಿಯಿತು, ಕೊನೆಯ ಹಾಡಿನವರೆಗೂ ಕುರ್ಚಿ ಖಾಲಿಯಾಗಲಿಲ್ಲ. ಸ್ಪರ್ಧೆ ನಡೆಸಿದವರಿಗೆ ಇದೆಷ್ಟು ದೊಡ್ಡ ವಿಷಯ ಅಂತ ಬೇರೆ ಹೇಳಬೇಕಿಲ್ಲ. ವಯಸ್ಸಿನ ಬದಲು ಶ್ರುತಿ ನೋಡಿ ಕರೆಯೋದು ಆಗೋದಿಲ್ಲ ಅಂದವರೇ ಜಾಸ್ತಿ ಇದ್ದರು, ಅದಕ್ಕೇ ಬರೆಯುತ್ತಿದ್ದೇನೆ.

ಹಿಂದೆಲ್ಲ ವಯಸ್ಸಿನ ಪ್ರಕಾರ ಕರೆಯುತ್ತಿದ್ದೆವು. ಮೊದಲು ಚಿಕ್ಕ ಮಕ್ಕಳು, ಆಮೇಲೆ ಹೈಸ್ಕೂಲಿನವರು, ಆಮೇಲೆ ದೊಡ್ಡವರು, ಕೊನೆಗೆ ಹಿರಿಯರು. ಮಕ್ಕಳ ಸರದಿ ಮುಗಿದ ಕೂಡಲೇ ಅಪ್ಪ ಅಮ್ಮ ಎದ್ದು ಹೊರಡುತ್ತಿದ್ದರು. ಸಂಜೆ ಆರು ಗಂಟೆಗೆ ಹಿರಿಯರು ಹಾಡುವಾಗ ಎದುರಿಗೆ ತೀರ್ಪುಗಾರರು, ಮೈಕ್‌ಸೆಟ್‌ನವರು, ಕಮಿಟಿಯ ನಾಲ್ಕು ಜನ, ಅಷ್ಟೇ. ಐವತ್ತು ವರ್ಷ ದೇವರ ಮುಂದೆ ಹಾಡಿದ ಗಂಟಲು ಖಾಲಿ ಕುರ್ಚಿಗಳಿಗೆ ಹಾಡುವುದು ನೋಡಿ ನನಗೆ ಬಹಳ ಸಂಕಟವಾಗುತ್ತಿತ್ತು. ಇದರ ಮೇಲೆ ತಬಲಾದ ಗೋಳು. ಹಾಡುವವರ ಶ್ರುತಿಯನ್ನು ಹಾರ್ಮೋನಿಯಂನ ಕಪ್ಪು, ಬಿಳಿ ಮನೆಗಳ (ಕೀಲಿಗಳ) ಎಣಿಕೆಯಲ್ಲಿ ಹೇಳುತ್ತೇವೆ, ತಬಲಾವನ್ನು ಅದಕ್ಕೆ ಕೂಡಿಸಬೇಕು. ಒಬ್ಬಳು ಕಪ್ಪು ನಾಲ್ಕು, ಮುಂದಿನವನು ಬಿಳಿ ಆರು, ಅವನ ಹಿಂದೆ ಬಿಳಿ ಐದು. ಪ್ರತಿ ಸಲ ಸುತ್ತಿಗೆ ತೆಗೆದುಕೊಂಡು ಎರಡು ಮೂರು ನಿಮಿಷ ಠಕ್ ಠಕ್. ಹಾಡಿಗಿಂತ ಸುತ್ತಿಗೆ ಶಬ್ದವೇ ಜಾಸ್ತಿ ಕೇಳುತ್ತಿತ್ತು.

ಒಂದು ವರ್ಷ ಕಮಿಟಿಯವರ ಒತ್ತಾಯಕ್ಕೆ ಕರೋಕೆ ಟ್ರ್ಯಾಕ್ ಹಾಕಿದೆವು. ಟ್ರ್ಯಾಕಿನ ಶ್ರುತಿ ಯಾರದ್ದೋ, ಹಾಡುವವರ ಗಂಟಲು ಯಾರದ್ದೋ. ದೇವರನಾಮಕ್ಕೆ ಹಳೆಯ ಮಟ್ಟು ಉಳಿದದ್ದು ಕಡಿಮೆ, ಒಂದೇ ಪದವನ್ನು ಒಬ್ಬೊಬ್ಬರು ಒಂದೊಂದು ರಾಗದಲ್ಲಿ ಕಲಿತಿರುತ್ತಾರೆ. ಅಜ್ಜಿ ಅಮ್ಮನಿಂದ ಕಲಿತ ರಾಗಕ್ಕೆ ಟ್ರ್ಯಾಕ್ ಎಲ್ಲಿಂದ ತರೋದು? ಇನ್ನೊಂದು ವರ್ಷ ತಬಲಾವನ್ನೇ ಬಿಟ್ಟು ಬರೀ ಶ್ರುತಿ ಪೆಟ್ಟಿಗೆ ಇಟ್ಟು ನೋಡಿದೆವು. ದುಡ್ಡು ಉಳಿಯಿತು, ಸಭೆ ಸತ್ತು ಹೋಯಿತು. ತಾಳವಿಲ್ಲದ ದೇವರನಾಮ ನಮ್ಮೂರಲ್ಲಿ ಯಾರಿಗೂ ರುಚಿಸುವುದಿಲ್ಲ. ಎಲ್ಲರಿಗೂ ಒಂದೇ ಶ್ರುತಿ ಕೊಟ್ಟುಬಿಡಿ ಅಂತ ಹೇಳಿದವರೂ ಇದ್ದರು. ಕಪ್ಪು ಒಂದರಲ್ಲಿ ಎಂಟು ವರ್ಷದ ಹುಡುಗಿಯನ್ನು ಹಾಡಿಸಿ ನೋಡಿ, ಅವರಿಗೇ ಗೊತ್ತಾಗುತ್ತದೆ.

ನಾನು ಹಾರ್ಮೋನಿಯಂ ಹಿಡಿಯುವವನು, ನನಗೆ ಯಾವ ಮನೆಯಾದರೂ ಒಂದೇ. ತೊಂದರೆ ಇದ್ದದ್ದು ತಬಲಾಕ್ಕೆ ಮಾತ್ರ. ಹಾಗಾದರೆ ತಬಲಾವನ್ನೇ ನಡುವೆ ಇಟ್ಟು ಪಟ್ಟಿ ಮಾಡಿದರೆ ಹೇಗೆ ಅಂತ ಕೂತು ಲೆಕ್ಕ ಹಾಕಿದೆ. ತಬಲಾವನ್ನು ಹಾಡುವವರ ಷಡ್ಜ (ಸ), ಮಧ್ಯಮ (ಮ), ಪಂಚಮ (ಪ) ಯಾವುದಕ್ಕಾದರೂ ಕೂಡಿಸಬಹುದು. ತಬಲಾ ಬಿಳಿ ಒಂದಕ್ಕೆ ಇದ್ದರೆ ಬಿಳಿ ಒಂದರ ಗಂಡಸರಿಗೆ ಅದು ಷಡ್ಜ, ಬಿಳಿ ಐದರ ಹೆಂಗಸರಿಗೂ ಮಕ್ಕಳಿಗೂ ಮಧ್ಯಮ, ಬಿಳಿ ನಾಲ್ಕರ ಅಜ್ಜಿಯರಿಗೆ ಪಂಚಮ. ಕಪ್ಪು ಒಂದಕ್ಕೆ ಏರಿಸಿದರೆ ಕಪ್ಪು ನಾಲ್ಕು, ಕಪ್ಪು ಮೂರು ಅದರೊಳಗೇ ಬಂದವು. ಹೀಗೆ ಬಿಳಿ ಒಂದು, ಕಪ್ಪು ಒಂದು, ಬಿಳಿ ಎರಡು, ಕಪ್ಪು ಎರಡು, ನಾಲ್ಕೇ ಗುಂಪಿನಲ್ಲಿ ಹೆಚ್ಚುಕಡಿಮೆ ಇಡೀ ಊರು ಕೂತಿತು. ಒಂದೊಂದು ಗುಂಪಿನಲ್ಲೂ ಅಜ್ಜ, ಮೊಮ್ಮಗಳು, ಸೊಸೆ ಎಲ್ಲರೂ ಇದ್ದಾರೆ. ಯಾರ ಮಗು ಯಾವಾಗ ಬರುತ್ತದೆ ಅಂತ ಮೊದಲೇ ಹೇಳಲು ಬರುವುದಿಲ್ಲ, ಆದ್ದರಿಂದ ಯಾರೂ ಎದ್ದು ಹೋಗುವುದಿಲ್ಲ.

ಒಂದು ಎಚ್ಚರಿಕೆ ಬೇಕು. ಮಧ್ಯಮಕ್ಕೆ ಕೂಡಿಸಿದ ತಬಲಾ ಮಧ್ಯಮವೇ ಇಲ್ಲದ ಮೋಹನ, ಹಂಸಧ್ವನಿ ರಾಗಗಳಿಗೆ ಕೂರುವುದಿಲ್ಲ, ಕಲ್ಯಾಣಿಯ ಮಧ್ಯಮವೇ ಬೇರೆ, ಅದಕ್ಕಂತೂ ಆಗೋದೇ ಇಲ್ಲ. ಬಿಳಿ ಐದರಲ್ಲಿ ಕಲ್ಯಾಣಿ ಹಾಡುವವರನ್ನು ಬಿಳಿ ಎರಡರ ಗುಂಪಿಗೆ ಹಾಕಿ, ಅಲ್ಲಿ ತಬಲಾ ಅವರಿಗೆ ಪಂಚಮವಾಗುತ್ತದೆ. ಕಪ್ಪು ನಾಲ್ಕಾದರೆ ಕಪ್ಪು ಎರಡಕ್ಕೆ. ಹಾಗಾಗಿ ಹೆಸರು ಕೊಡುವಾಗಲೇ ರಾಗ ಗೊತ್ತಾಗಬೇಕು.

ನಮ್ಮ ತಬಲಾ ಮಾಸ್ತರರು ಮೊದಲು ಒಪ್ಪಲೇ ಇಲ್ಲ. "ಗಂಟೆಗಟ್ಟಲೆ ಮಧ್ಯಮದಲ್ಲಿ ನುಡಿಸಿದರೆ ನನ್ನ ಕಿವಿ ಏನಾಗಬೇಕು ಮಾರಾಯರೇ" ಅಂದರು. ತೀರ್ಪುಗಾರರು, ಚಿಕ್ಕವರು ದೊಡ್ಡವರು ಬೆರೆತು ಬಂದರೆ ಅಂಕ ಹೇಗೆ ಹಾಕೋದು ಅಂದರು. ಅದಕ್ಕೆ ಉಪಾಯ ಸುಲಭ: ಬಹುಮಾನ ವಯಸ್ಸಿನ ಪ್ರಕಾರವೇ, ಆದರೆ ಒಂದೊಂದು ವಯಸ್ಸಿಗೆ ಒಂದೊಂದು ಬಣ್ಣದ ಹಾಳೆ. ಮಗು ಬಂದರೆ ಹಳದಿ, ಹಿರಿಯರು ಬಂದರೆ ನೀಲಿ. ಒಟ್ಟು 50 ಅಂಕ, ಶ್ರುತಿಗೆ 15, ಸಾಹಿತ್ಯದ ಉಚ್ಚಾರಕ್ಕೆ 15, ತಾಳಕ್ಕೆ 10, ಭಾವಕ್ಕೆ 10. ಎರಡು ಮೂರು ಹಾಡಿನೊಳಗೆ ಅವರಿಗೆ ರೂಢಿಯಾಯಿತು.

ನಿಜವಾದ ಕೆಲಸ ಇದ್ದದ್ದು ಮೊದಲೇ ಶ್ರುತಿ ಗೊತ್ತು ಮಾಡಿಕೊಳ್ಳುವುದರಲ್ಲಿ. ಪಾಠಕ್ಕೆ ಹೋಗುವ ಮಕ್ಕಳು ತಟ್ಟನೆ ಹೇಳುತ್ತಾರೆ. ಉಳಿದವರಿಗೆ ಕೇಳಿದರೆ "ನೀವು ಕೊಟ್ಟಿದ್ದಕ್ಕೆ ಹಾಡ್ತೇನೆ" ಅನ್ನುತ್ತಾರೆ. ಅದಕ್ಕೇ ವಾಟ್ಸಾಪಿನಲ್ಲಿ ಪಲ್ಲವಿ ಮತ್ತು ಒಂದು ಚರಣ ಹಾಡಿ ಕಳಿಸಿ ಅಂದೆ. ರಾತ್ರಿ ಕೂತು ಹಾರ್ಮೋನಿಯಂ ಮೇಲೆ ಒಂದೊಂದನ್ನೇ ಹಿಡಿದೆ. ಮನೆಯಲ್ಲಿ ಮೆತ್ತಗೆ ಹಾಡುವಾಗ ಹೆಚ್ಚಿನವರು ಅರ್ಧ ಮನೆ, ಕೆಲವರು ಒಂದು ಮನೆ ಕೆಳಗೇ ಇರುತ್ತಾರೆ, ಅದನ್ನು ಸೇರಿಸಿಕೊಂಡೇ ಪಟ್ಟಿ ಮಾಡಬೇಕು. ಯಾರಿಗೆ ಎಷ್ಟು ಸೇರಿಸಬೇಕು ಅಂತ ನಾನೊಂದು ಗುರುತು ಇಟ್ಟುಕೊಂಡಿದ್ದೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಗುಂಪಿನೊಳಗೆ ಯಾರ ಹಿಂದೆ ಯಾರು ಅನ್ನುವ ಲೆಕ್ಕವೂ ನನ್ನ ಹತ್ತಿರವೇ ಇರಲಿ. ಯಕ್ಷಗಾನದ ಪದ್ಯ ಹೇಳಿ ರೂಢಿಯಿದ್ದವರ ಬಗ್ಗೆ ಒಂದು ಮಾತು: ಅವರ ಶ್ರುತಿ ಬೇರೆ ಗಂಡಸರಿಗಿಂತ ಮೇಲಿರುತ್ತದೆ, ಗಂಡಸರು ಅಂತ ಸುಮ್ನೆ ಬಿಳಿ ಒಂದಕ್ಕೆ ತಳ್ಳಬೇಡಿ.

ಕೆಳಗಿನ ಶ್ರುತಿಯಿಂದಲೇ ಶುರು ಮಾಡಿ. ಆರಾಧನೆ ಹೊತ್ತಿನ ಬೆಳಿಗ್ಗೆ ನಮ್ಮಲ್ಲಿ ಮಂಜು, ಚಳಿ. ತಬಲಾದ ಚರ್ಮ ಸಡಿಲ ಇರುತ್ತದೆ, ಗಂಟಲೂ ಏರುವುದಿಲ್ಲ. ಬಿಸಿಲು ಬಂದ ಹಾಗೆ ಚರ್ಮ ತಾನಾಗಿ ಬಿಗಿಯುತ್ತದೆ, ಆಗ ಸುತ್ತಿಗೆಗೆ ಅರ್ಧ ಕೆಲಸ. ಇಡೀ ದಿನಕ್ಕೆ ದೊಡ್ಡದಾಗಿ ಶ್ರುತಿ ಬದಲಿಸಿದ್ದು ಮೂರೇ ಸಲ, ನಡುನಡುವೆ ಸ್ವಲ್ಪ ತಿದ್ದಿದ್ದು ಬೇರೆ. ಮಧ್ಯಾಹ್ನದ ಹೊತ್ತಿಗೆ ಮಾಸ್ತರರು ತಾವೇ "ಮುಂದಿನ ವರ್ಷವೂ ಹೀಗೇ ಮಾಡುವ" ಅಂದರು.

ದುಡ್ಡಿನ ಲೆಕ್ಕ, ನೆನಪಿದ್ದಷ್ಟು. ಹಿಂದೆ ಹತ್ತಿರ ಹತ್ತಿರ 40 ಸಾವಿರ ಹೋಗುತ್ತಿತ್ತು. ಸಭಾಭವನಕ್ಕೆ ಪೂರ್ತಿ ದಿನದ ಬಾಡಿಗೆ, ಮೈಕ್‌ಸೆಟ್‌ಗೆ 7 ಸಾವಿರ, ಬೆಳಗಿಂದ ರಾತ್ರಿವರೆಗೆ ಒಬ್ಬರಿಂದ ಆಗುವುದಿಲ್ಲ ಅಂತ ತಬಲಾಕ್ಕೆ ಇಬ್ಬರು, ಊಟಕ್ಕೇ 9 ಸಾವಿರದ ಮೇಲೆ. ಈಗ ಭವನ ಅರ್ಧ ದಿನಕ್ಕೆ 3 ಸಾವಿರ, ಮೈಕ್ 4, ತಬಲಾ 3. ಶಿವಮೊಗ್ಗದಿಂದ ಬರುವ ಮೂವರು ತೀರ್ಪುಗಾರರಿಗೆ ಕಾರು ಸೇರಿ ಎಂಟೂವರೆ. ಊಟ ಇಲ್ಲ, 11ಕ್ಕೆ ಅವಲಕ್ಕಿ, ಕಷಾಯ, ಬಾಳೆಹಣ್ಣು. ಬಹುಮಾನ, ಪ್ರಶಸ್ತಿ ಪತ್ರ ಎಲ್ಲ ಸೇರಿ 26 ಸಾವಿರದ ಆಸುಪಾಸಿನಲ್ಲಿ ಮುಗಿಯಿತು. ತೀರ್ಪುಗಾರರ ದುಡ್ಡಲ್ಲಿ ಮಾತ್ರ ಉಳಿಸಲು ಹೋಗಬೇಡಿ. ಊರಿನ ಗುರುಗಳನ್ನೇ ಕೂರಿಸಿದ ವರ್ಷ ಅವರ ಶಿಷ್ಯರಿಗೆ ಬಹುಮಾನ ಬಂದರೂ ಮಾತು, ಬಾರದಿದ್ದರೂ ಮಾತು. ಪರದೆ ಕಟ್ಟಿ ಅದರ ಹಿಂದೆ ಕೂರಿಸಿಯೂ ನೋಡಿದೆವು. ವಾರಕ್ಕೆರಡು ಸಲ ಕೇಳುವ ದನಿಗೆ ಪರದೆ ಯಾವ ಲೆಕ್ಕ?

ಇನ್ನೊಂದು ಪ್ರಯೋಗವೂ ಮಾಡಿದೆ. ಹೆಸರು ಕೊಟ್ಟು ಬಾರದವರ ಕಾಟ ನಿಮಗೂ ಇರುತ್ತದೆ ಅಲ್ವಾ? 100 ರೂಪಾಯಿ ಕಟ್ಟಿಸಿಕೊಂಡು, ಹಾಡಿ ಇಳಿದ ಕೂಡಲೇ ವಾಪಸ್ ಕೊಟ್ಟೆವು. ಹಿಂದೆ ನಾಲ್ಕರಲ್ಲಿ ಒಬ್ಬರು ಬರುತ್ತಿರಲಿಲ್ಲ, ಈ ಸಲ ತಪ್ಪಿಸಿದವರು ನಾಲ್ಕೈದು ಜನ ಇರಬಹುದು. ಮಕ್ಕಳಿಗಂತೂ ವೇದಿಕೆ ಪಕ್ಕದಲ್ಲೇ ನೋಟು ಕೈಗೆ ಸಿಕ್ಕಿದ್ದು ಬಹುಮಾನದಷ್ಟೇ ಖುಷಿ. ದಿನಾಂಕದ ವಿಷಯದಲ್ಲಿ ಆರಾಧನೆಯ ಪುಷ್ಯ ಅಮಾವಾಸ್ಯೆ ದಿನವೇ ಆಗಬೇಕು ಅಂತ ಹಟ ಬೇಡ. ಅಡಿಕೆ ಸುಲಿಯುವ ಕಾಲ, ತೋಟದ ಮನೆಯವರು ಬರಬೇಕೆಂದರೆ ಅದರ ನಂತರದ ಭಾನುವಾರವೇ ಸರಿ.

ಒಂದೇ ಒಂದು ಬಾಕಿ ಉಳಿದಿದೆ. ಬೆಳಿಗ್ಗೆ ಬಿಳಿ ಒಂದರಲ್ಲಿದ್ದ ತಬಲಾವನ್ನೇ ಕಪ್ಪು ಎರಡರವರೆಗೆ ಎಳೆದರೆ ಚರ್ಮ ಹರಿಯುವ ಭಯ. ಈ ಸಲ ಮಾಸ್ತರರು ಕೊನೆಯ ಗುಂಪಿಗೆ ಬಾಯಿ ಚಿಕ್ಕದಿರುವ ಇನ್ನೊಂದನ್ನು ಎಲ್ಲಿಂದಲೋ ಕೇಳಿ ತಂದಿದ್ದರು. ಉಳಿದ ದುಡ್ಡಲ್ಲಿ ಅಂಥದ್ದೊಂದನ್ನು ಬಡಾವಣೆಯ ಹೆಸರಿನಲ್ಲೇ ಕೊಳ್ಳುತ್ತಿದ್ದೇವೆ. ಎಡಗೈಯ ಡಗ್ಗ ಬೇಡ, ಬರೀ ಬಲಗೈಯ ತಬಲಾ ಸಾಕು.