17 ಪಾಯಿಂಟ್ ಹುಡುಗ, 3 ಪಾಯಿಂಟ್ ಹುಡುಗ

ನಾನು ಅಮೆರಿಕದ ಮಧ್ಯಭಾಗದ ಒಂದು ಸಣ್ಣ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಕೆಲಸ ಮಾಡುತ್ತೇನೆ. ಆಟದ ವಿಡಿಯೊ ಕತ್ತರಿಸಿ ಜೋಡಿಸುವುದು, ಅಂಕಿ ಲೆಕ್ಕ ನೋಡುವುದು ನನ್ನ ಪಾಲಿನ ಕೆಲಸ. ಬೇರೆ ಕಾಲೇಜು ಬಿಟ್ಟು ಬರುವ ಆಟಗಾರರಲ್ಲಿ ಯಾರನ್ನು ಕರೆಯಬಹುದು ಅಂತ ಹೆಡ್ ಕೋಚ್‌ಗೆ ಹೇಳುವುದೂ ನಾನೇ. ಆಡಿ ಬೆಳೆದದ್ದು ಮೈಸೂರಿನ ಸಿಮೆಂಟ್ ಕೋರ್ಟಿನಲ್ಲಿ. ಎಂ.ಎಸ್. ಓದಲು ಇಲ್ಲಿಗೆ ಬಂದೆ, ಸಂಜೆ ಹೊತ್ತು ತಂಡಕ್ಕೆ ಚೆಂಡು ಹೆಕ್ಕಿಕೊಡುತ್ತಿದ್ದೆ, ಹಾಗೇ ಇಲ್ಲೇ ಉಳಿದೆ. ಊರಿಗೆ ಫೋನ್ ಮಾಡಿದಾಗ ಹಳೆಯ ಗೆಳೆಯನೊಬ್ಬ ಪ್ರತಿ ಸಲ ಕೇಳುತ್ತಾನೆ: "ಅಲ್ಲಿ ಚೆನ್ನಾಗಿ ಆಡಿದವನು ನಿಮ್ಮಲ್ಲೂ ಆಡ್ತಾನೆ. ಅದರಲ್ಲಿ ನೋಡೋಕೆ ಏನಿದೆಯೋ?" ಫೋನಿನಲ್ಲಿ ಅದಕ್ಕೆ ಪೂರ್ತಿ ಉತ್ತರ ಕೊಡಲು ಇದುವರೆಗೆ ಆಗಿಲ್ಲ.

ನಿಯಮಗಳನ್ನು ಮೊದಲು ಹೇಳಿಬಿಡುತ್ತೇನೆ. ಇಲ್ಲಿನ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎ. ಅದರ ಮೇಲಿನ ಹಂತವಾದ ಡಿವಿಷನ್ 1ರಲ್ಲಿ 360ಕ್ಕೂ ಹೆಚ್ಚು ಕಾಲೇಜುಗಳಿವೆ. ಹಿಂದೆ ಆಟಗಾರ ಕಾಲೇಜು ಬದಲಾಯಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2018ರ ಅಕ್ಟೋಬರ್‌ನಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು, ಅಂದರೆ ಕಾಲೇಜು ಬದಲಾಯಿಸಲು ಬಯಸುವವರ ಆನ್‌ಲೈನ್ ಪಟ್ಟಿ. ಹೆಸರು ಅದರಲ್ಲಿ ಸೇರಿದ ಮೇಲೆ ಬೇರೆ ಕೋಚ್‌ಗಳು ಅವನ ಜೊತೆ ಮಾತಾಡಬಹುದು. 2021ರಲ್ಲಿ ಒಂದು ಸಲ ಕೂರದೆ ಬದಲಾಯಿಸಬಹುದು ಅಂತ ಆಯಿತು. 2024ರಲ್ಲಿ, ಓದಿನಲ್ಲಿ ಹಿಂದೆ ಬೀಳದಿದ್ದರೆ ಎಷ್ಟು ಸಲ ಬೇಕಾದರೂ ಅಂತ ಬಿಟ್ಟರು. 2025ರಲ್ಲಿ ಪೋರ್ಟಲ್ ಮಾರ್ಚ್ 24ರಿಂದ 30 ದಿನ ತೆರೆದಿತ್ತು. ಪುರುಷರ ಬಾಸ್ಕೆಟ್‌ಬಾಲ್ ಒಂದರಲ್ಲೇ 2000ಕ್ಕೂ ಹೆಚ್ಚು ಹುಡುಗರು ಹೆಸರು ಕೊಟ್ಟರು. ಅವರಲ್ಲಿ ಒಳ್ಳೆಯವರು ಎಷ್ಟೋ ಸಲ ಮೂರು ನಾಲ್ಕು ದಿನದಲ್ಲೇ ಯಾರಿಗಾದರೂ ಹೂಂ ಅಂದುಬಿಡುತ್ತಾರೆ. ಅಷ್ಟರೊಳಗೆ ನಾವು ತೀರ್ಮಾನ ಮಾಡಬೇಕು.

ನನ್ನ ಮೊದಲ ವರ್ಷದ ತಪ್ಪಿನಿಂದ ಶುರು ಮಾಡುತ್ತೇನೆ.

ಒಬ್ಬ ಗಾರ್ಡ್ ಇದ್ದ, ಅಂದರೆ ಹೊರಗಿನಿಂದ ಚೆಂಡು ಆಡಿಸುವವನು. ನಮಗಿಂತ ಒಂದು ಮೆಟ್ಟಿಲು ಕೆಳಗಿನ ಲೀಗಿನಲ್ಲಿ ಆಟಕ್ಕೆ 17 ಪಾಯಿಂಟ್ ಹಾಕುತ್ತಿದ್ದ. ವಿಡಿಯೊ ನೋಡಿದರೆ ಖುಷಿಯಾಗುತ್ತಿತ್ತು. ಚೆಂಡು ಅವನ ಕೈಯಲ್ಲಿ ಕುಣಿಯುತ್ತಿತ್ತು. "ಕೋಚ್, ಇವನು ನಮಗೆ ಪಾಯಿಂಟ್ ತರ್ತಾನೆ" ಅಂದೆ. ಕೋಚ್ ನಂಬಿದರು. ಹುಡುಗ ಬಂದ. ಜನವರಿ ಹೊತ್ತಿಗೆ ಆಟಕ್ಕೆ 6 ಪಾಯಿಂಟ್‌ಗೆ ಇಳಿದಿದ್ದ. ಮೂಲೆಯಲ್ಲಿ ನಿಂತಿರುತ್ತಿದ್ದ, ಚೆಂಡು ಬರಲಿ ಅಂತ ಕಾಯುತ್ತಾ. ಮುಂದಿನ ವಸಂತದಲ್ಲಿ ಮತ್ತೆ ಪೋರ್ಟಲ್‌ಗೆ ಹೋದ. ಅವನ ಒಂದು ವರ್ಷ ಹಾಳಾಯಿತು. ಆ ತಪ್ಪು ನನ್ನದು, ಅವನದ್ದಲ್ಲ.

ನಾನು ನೋಡದೆ ಬಿಟ್ಟಿದ್ದೇನು? ಅವನ ಹಳೆಯ ತಂಡ 31 ಆಟದಲ್ಲಿ 7 ಗೆದ್ದಿತ್ತು. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಹಾಗೆ. ಇಲ್ಲಿ ಯೂಸೇಜ್ ಅನ್ನುವ ಒಂದು ಲೆಕ್ಕ ಇದೆ. ಒಬ್ಬ ಆಟಗಾರ ಕೋರ್ಟಿನಲ್ಲಿ ಇದ್ದಾಗ ತಂಡದ ದಾಳಿಗಳಲ್ಲಿ ಎಷ್ಟು ಪಾಲು ಅವನ ಕೈಯಲ್ಲೇ ಮುಗಿಯುತ್ತದೆ ಅಂತ ಅದು ಹೇಳುತ್ತದೆ: ಶಾಟ್, ಫ್ರೀ ಥ್ರೋ (ಎದುರಾಳಿ ಫೌಲ್ ಮಾಡಿದಾಗ ಸಿಗುವ ಎಸೆತ) ಅಥವಾ ಚೆಂಡು ಕಳೆದುಕೊಳ್ಳುವುದು. ಕೋರ್ಟಿನಲ್ಲಿ ಐದು ಜನ, ಸಮ ಪಾಲು ಅಂದರೆ ನೂರಕ್ಕೆ 20. ಇವನದು 31 ಇತ್ತು. ನಮ್ಮಲ್ಲಿ ಚೆಂಡು ಆಡಿಸಲು ಆಗಲೇ ಒಬ್ಬನಿದ್ದ, ಹಾಗಾಗಿ ಇವನಿಗೆ ಸಿಕ್ಕಿದ್ದು 18. ಆ 17 ಪಾಯಿಂಟ್ ಅಲ್ಲಿ ಅವನಿಗೆ ಸಿಕ್ಕಿದ್ದ ಕೆಲಸದ ಫಲ. ಕೆಲಸ ಅಲ್ಲೇ ಉಳಿಯಿತು, ಹುಡುಗ ಮಾತ್ರ ನಮ್ಮ ಹತ್ತಿರ ಬಂದ.

ಅವತ್ತಿನಿಂದ ಇವತ್ತಿನವರೆಗೂ ನಾನು ಕೇಳಿಕೊಳ್ಳುವುದು ಒಂದೇ: ಕೆಲಸ ಬದಲಾದರೆ ಇವನಲ್ಲಿ ಏನು ಉಳಿಯುತ್ತದೆ?

ಅದಕ್ಕೆ ಮೊದಲ ಸುಳಿವು ನವೆಂಬರ್, ಡಿಸೆಂಬರ್‌ನಲ್ಲಿ ಸಿಗುತ್ತದೆ. ಲೀಗ್ ಶುರುವಾಗುವ ಮೊದಲು ಸಣ್ಣ ಕಾಲೇಜುಗಳು ದೊಡ್ಡ ಕಾಲೇಜುಗಳ ಕೋರ್ಟಿಗೆ ಹೋಗಿ ಆಡುತ್ತವೆ. ದೊಡ್ಡವರು ದುಡ್ಡು ಕೊಟ್ಟು ಕರೆಸುತ್ತಾರೆ, ಸಣ್ಣವರು ಹೆಚ್ಚು ಕಡಿಮೆ ಸೋಲಲಿಕ್ಕೇ ಹೋಗುತ್ತಾರೆ. ಇಡೀ ವರ್ಷದಲ್ಲಿ ಇಂಥವು ಎರಡೋ ಮೂರೋ ಇರುತ್ತವೆ. ನನಗೆ ಅವೇ ಚಿನ್ನ. 6 ಅಡಿ 1 ಇಂಚಿನ ಗಾರ್ಡ್ ತನ್ನ ಲೀಗಿನಲ್ಲಿ ರಿಂಗ್ ಹತ್ತಿರ ನುಗ್ಗಿದಾಗ ಎದುರಿಗೆ ನಿಲ್ಲುವವನು 6 ಅಡಿ 7 ಇಂಚು. ಅವನ ತಲೆ ಮೇಲಿಂದ ಮೆತ್ತಗೆ ಹಾಕಿಬಿಡಬಹುದು. ದೊಡ್ಡ ಲೀಗಿನಲ್ಲಿ ಅಲ್ಲಿ 7 ಅಡಿಯವನು ನಿಂತಿರುತ್ತಾನೆ, ಅವನ ಹಿಂದೆ ಸಹಾಯಕ್ಕೆ ಇನ್ನೊಬ್ಬ. ನಮ್ಮ ಗಾರ್ಡ್ ಅಂಥ ಎರಡು ಆಟಗಳಲ್ಲಿ 19ಕ್ಕೆ 4, 15ಕ್ಕೆ 3 ಶಾಟ್ ಹಾಕಿದ್ದ. ಏನೋ ಕೆಟ್ಟ ದಿನ ಅಂತ ನಾನು ಸುಮ್ನೆ ಪಕ್ಕಕ್ಕಿಟ್ಟಿದ್ದೆ. ಈಗ ಆ ಆಟಗಳನ್ನೇ ಮೊದಲು ತೆಗೆಯುತ್ತೇನೆ. ಬಾಕಿ ಆಟಗಳು ಆಮೇಲೆ.

ಎಲ್ಲ ಅಂಕಿಗಳೂ ಒಂದೇ ಥರ ಇಳಿಯುವುದಿಲ್ಲ. ನನ್ನ ಅನುಭವದಲ್ಲಿ ರೀಬೌಂಡ್ (ಶಾಟ್ ತಪ್ಪಿ ಪುಟಿದ ಚೆಂಡು) ಹಿಡಿಯುವ ಪಾಲು, ಬ್ಲಾಕ್ (ಎದುರಾಳಿಯ ಶಾಟ್ ತಡೆಯುವುದು), ಚೆಂಡು ಕಸಿಯುವುದು ಹುಡುಗನ ಜೊತೆಗೇ ಬರುತ್ತವೆ. ರಿಂಗ್ ಹತ್ತಿರದ ಶಾಟ್‌ಗಳೇ ಎಲ್ಲಕ್ಕಿಂತ ಜಾಸ್ತಿ ಮೋಸ ಮಾಡುತ್ತವೆ.

ತ್ರೀ ಪಾಯಿಂಟ್, ಅಂದರೆ ದೂರದ ಗೆರೆಯಾಚೆಯಿಂದ ಹಾಕಿದರೆ ಮೂರು ಪಾಯಿಂಟ್ ಸಿಗುವ ಶಾಟ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಕೋಚ್‌ಗಳೂ ಇಲ್ಲಿ ಎಡವುತ್ತಾರೆ. ಒಬ್ಬ ಹುಡುಗ ವರ್ಷಕ್ಕೆ 100 ತ್ರೀ ಎಸೆದು 40 ಹಾಕಿದ ಅನ್ನಿ. ಇನ್ನೊಬ್ಬ 100ಕ್ಕೆ 34. ಕಾಗದದ ಮೇಲೆ ಒಬ್ಬ ಶೂಟರ್, ಇನ್ನೊಬ್ಬ ಪರವಾಗಿಲ್ಲ. ಆದರೆ ವ್ಯತ್ಯಾಸ ಬರೀ 6 ಶಾಟ್. 30 ಆಟಕ್ಕೆ ಹಂಚಿದರೆ ಐದು ಆಟಕ್ಕೊಂದು. ರಿಂಗಿಗೆ ಬಡಿದು ಒಳಗೆ ಬಿತ್ತೋ ಹೊರಗೆ ಹೋಯಿತೋ ಅನ್ನುವಷ್ಟೇ ಅಂತರ. 100 ಶಾಟ್‌ಗೆ 5 ಆ ಕಡೆ ಈ ಕಡೆ ಆಗುವುದು ಅದೃಷ್ಟದ ಆಟ, ಅಲ್ವಾ? ಹಾಗಾಗಿ ನಾನು ಮೂರು ನೋಡುತ್ತೇನೆ. ಎಷ್ಟು ಎಸೆದಿದ್ದಾನೆ, ಯಾವ ಥರದ್ದು ಎಸೆದಿದ್ದಾನೆ, ಫ್ರೀ ಥ್ರೋ ಹೇಗಿದೆ. ಫ್ರೀ ಥ್ರೋ ಗೆರೆಯಲ್ಲಿ ಯಾರೂ ಅಡ್ಡ ಬರುವುದಿಲ್ಲ, ದೂರ ಬದಲಾಗುವುದಿಲ್ಲ, ಲೀಗ್ ಯಾವುದಾದರೂ ಒಂದೇ. ಅಲ್ಲಿ ಕಾಣುವುದು ಅವನ ಕೈ.

ಇದಕ್ಕೆ ನಾನು ಹೊಸ ಹುಡುಗರಿಗೆ ಯಾವಾಗಲೂ ತೋರಿಸುವವರು ಇಬ್ಬರು. ಡೇವಿಯನ್ ಮಿಚೆಲ್ ಆಬರ್ನ್ ಕಾಲೇಜು ಬಿಟ್ಟು ಬೇಯ್ಲರ್ ಕಾಲೇಜಿಗೆ ಬಂದ, ಹಳೆಯ ನಿಯಮದಂತೆ ಒಂದು ವರ್ಷ ಕೂತ, 2021ರಲ್ಲಿ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. ಆ ವರ್ಷ ಅವನ ತ್ರೀ ನೂರಕ್ಕೆ 45ರ ಹತ್ತಿರ ಹೋಗಿತ್ತು. ಅದರ ಹಿಂದಿನ ವರ್ಷ 32ರ ಆಸುಪಾಸು. ಫ್ರೀ ಥ್ರೋ ಮಾತ್ರ 65ರ ಹತ್ತಿರವೇ ಇತ್ತು. ವೃತ್ತಿಪರ ಲೀಗಾದ ಎನ್‌ಬಿಎಗೆ ಹೋದ ಮೊದಲ ವರ್ಷ ತ್ರೀ ಮತ್ತೆ 32ಕ್ಕೆ ಬಂತು. ಅವನನ್ನು ಅಲ್ಲಿ ಉಳಿಸಿದ್ದು ಡಿಫೆನ್ಸ್. ಅದು ಎಲ್ಲೂ ಬಿಟ್ಟುಹೋಗಲಿಲ್ಲ. ಇನ್ನೊಬ್ಬ ವಾಲ್ಟರ್ ಕ್ಲೇಟನ್ ಜೂನಿಯರ್. ನ್ಯೂಯಾರ್ಕ್ ಹತ್ತಿರದ ಅಯೋನಾ ಅನ್ನುವ ಸಣ್ಣ ಕಾಲೇಜಿನಲ್ಲಿ ಫ್ರೀ ಥ್ರೋ ನೂರಕ್ಕೆ 95 ಹಾಕುತ್ತಿದ್ದ. 2023ರಲ್ಲಿ ಅಲ್ಲಿನ ಕೋಚ್ ರಿಕ್ ಪಿಟಿನೊ ಸೇಂಟ್ ಜಾನ್ಸ್‌ಗೆ ಹೋದರು, ಕ್ಲೇಟನ್ ಫ್ಲಾರಿಡಾಗೆ ಬಂದ. ಲೀಗ್ ದೊಡ್ಡದಾಯಿತು, ತ್ರೀ 43ರಿಂದ 37ರ ಆಸುಪಾಸಿಗೆ ಇಳಿಯಿತು. ಅಷ್ಟು ಇಳಿಯುವುದು ಸಹಜ. ಕೈ ಇತ್ತು. ಎರಡನೇ ವರ್ಷ, 2025ರ ಏಪ್ರಿಲ್ 7ರಂದು ಸ್ಯಾನ್ ಆಂಟೋನಿಯೊದಲ್ಲಿ ಫ್ಲಾರಿಡಾ 65-63ರಲ್ಲಿ ಹೂಸ್ಟನ್ ಅನ್ನು ಸೋಲಿಸಿ ಚಾಂಪಿಯನ್ ಆಯಿತು. ಫೈನಲ್ ಫೋರ್‌ನ (ಕೊನೆಯ ನಾಲ್ಕು ತಂಡಗಳ ಸುತ್ತಿನ) ಅತ್ಯುತ್ತಮ ಆಟಗಾರ ಕ್ಲೇಟನ್. ಆ ತಂಡದ ಇನ್ನಿಬ್ಬರು ಗಾರ್ಡ್‌ಗಳಾದ ಅಲೈಜಾ ಮಾರ್ಟಿನ್, ವಿಲ್ ರಿಚರ್ಡ್ ಕೂಡ ಸಣ್ಣ ಲೀಗುಗಳ ಕಾಲೇಜುಗಳಿಂದಲೇ ಬಂದವರು.

ಮೇಲಿನ ಲೀಗಿಗೆ ಹೋದರೆ ಅಂಕಿ ಇಳಿಯುತ್ತದೆ ಅಂದೆನಲ್ಲ, ಡಾಲ್ಟನ್ ನೆಕ್ಟ್ ಅದಕ್ಕೆ ಅಪವಾದ. ಜೂನಿಯರ್ ಕಾಲೇಜು, ಆಮೇಲೆ ನಾರ್ದರ್ನ್ ಕೊಲರಾಡೊ, ಆಮೇಲೆ ಟೆನ್ನೆಸ್ಸಿ. ಆಟಕ್ಕೆ 20.2 ಪಾಯಿಂಟ್ ಇದ್ದದ್ದು 21.7 ಆಯಿತು, ಎಸ್‌ಇಸಿ ಅನ್ನುವ ದೊಡ್ಡ ಲೀಗಿನ ವರ್ಷದ ಆಟಗಾರನಾದ. ಅವನ ವಿಡಿಯೊವನ್ನು ನಾನು ತುಂಬ ಸಲ ನೋಡಿದ್ದೇನೆ. 6 ಅಡಿ 6 ಇಂಚು. ಚೆಂಡಿಲ್ಲದೆ ಓಡಿ, ಸ್ಕ್ರೀನ್ (ಎದುರಾಳಿಗೆ ಅಡ್ಡ ನಿಂತ ಜೊತೆಗಾರ) ಸುತ್ತಿ, ಹಿಡಿದ ಕೂಡಲೇ ಎಸೆಯುತ್ತಾನೆ. ಆ ಎತ್ತರದವನು ಹಾಗೆ ಎಸೆದರೆ ಎದುರಿಗೆ ಯಾರಿದ್ದರೂ ಅಷ್ಟೇನೂ ಲೆಕ್ಕಕ್ಕಿಲ್ಲ. ನಮ್ಮ ಗಾರ್ಡ್‌ಗೂ ಅವನಿಗೂ ಇದ್ದ ವ್ಯತ್ಯಾಸ ಅದೇ. ಒಬ್ಬನಿಗೆ ಶಾಟ್ ಹಾಕಲು ಚೆಂಡು ಕೈಯಲ್ಲೇ ಇರಬೇಕಿತ್ತು, ಇನ್ನೊಬ್ಬನಿಗೆ ಬೇಕಿರಲಿಲ್ಲ.

ಈಗ ಎರಡನೇ ಹುಡುಗನ ಕಥೆ. ದೊಡ್ಡ ಲೀಗಿನ ಒಂದು ತಂಡದಲ್ಲಿ ಬೆಂಚ್ ಮೇಲಿದ್ದ ಫಾರ್ವರ್ಡ್, ಅಂದರೆ ರಿಂಗ್ ಹತ್ತಿರ ಆಡುವವನು. ಆಟಕ್ಕೆ 9 ನಿಮಿಷ, 3 ಪಾಯಿಂಟ್ ಕೂಡ ಪೂರ್ತಿ ಇಲ್ಲ. ಯಾರೂ ಕೇಳುತ್ತಿರಲಿಲ್ಲ. ನನ್ನ ಕಣ್ಣಿಗೆ ಬಿದ್ದದ್ದು ರೀಬೌಂಡ್. ಅವನು ಕೋರ್ಟಿನಲ್ಲಿದ್ದಾಗ ಎದುರಾಳಿ ತಪ್ಪಿಸಿದ 100 ಶಾಟ್‌ಗಳಲ್ಲಿ 24 ಇವನ ಕೈ ಸೇರುತ್ತಿದ್ದವು. ಒಂಬತ್ತು ನಿಮಿಷದವನಿಗೆ ಇದು ಸಣ್ಣ ವಿಷಯ ಅಲ್ಲ. ಫ್ರೀ ಥ್ರೋ ವರ್ಷಕ್ಕೆ 36 ಎಸೆದು 31 ಹಾಕಿದ್ದ.

ವಿಡಿಯೊ ತೆಗೆದೆ. ಒಂದು ತುಣುಕು ಇವತ್ತಿಗೂ ನನ್ನ ಲ್ಯಾಪ್‌ಟಾಪ್‌ನಲ್ಲಿದೆ. 14 ಸೆಕೆಂಡ್. ಅವನ ತಂಡ 20 ಪಾಯಿಂಟ್ ಹಿಂದಿದೆ, ಮೂರು ನಿಮಿಷ ಬಾಕಿ. ಇವನು ಎಡಗಡೆ ಬಂದು ಸ್ಕ್ರೀನ್ ಹಾಕಿದ, ತಿರುಗಿ ರಿಂಗಿನ ಕಡೆ ಓಡಿದ, ಕೈ ಎತ್ತಿದ. ಗಾರ್ಡ್ ನೋಡಲೇ ಇಲ್ಲ, ತಾನೇ ಎಸೆದು ತಪ್ಪಿಸಿದ. ಇವನು ರೀಬೌಂಡ್‌ಗೆ ಹಾರಿ, ಬೆರಳ ತುದಿಗೆ ಸಿಕ್ಕ ಚೆಂಡು ಜಾರಿ, ರಿಂಗಿನ ಹಿಂದಿನ ಕೊನೆಯ ಗೆರೆ ಹತ್ತಿರ ಮಂಡಿ ಊರಿ ಬಿದ್ದ. ಎದುರಾಳಿಗಳು ಆ ಕಡೆ ಓಡುತ್ತಿದ್ದಾರೆ. ಕೋಪಕ್ಕೆ ಎಲ್ಲ ಕಾರಣ ಇತ್ತು. ಎದ್ದ, ಗಾರ್ಡ್ ಕಡೆ ತಿರುಗಿಯೂ ನೋಡದೆ 94 ಅಡಿ ಕೋರ್ಟ್ ಪೂರ್ತಿ ಓಡಿದ. ಅರ್ಧ ದಾರಿಯಲ್ಲೇ ಮೂಲೆಯಲ್ಲಿ ಖಾಲಿ ನಿಂತವನನ್ನು ಕೈ ತೋರಿಸಿ ತನ್ನ ಜೊತೆಯವನಿಗೆ ಹೇಳಿದ. ರಿಂಗ್ ಹತ್ತಿರ ಬಂದ ಹುಡುಗನ ಎದುರು ನೇರ ಮೇಲೆ ಹಾರಿದ, ಮುಟ್ಟಲಿಲ್ಲ. ಶಾಟ್ ತಪ್ಪಿತು. ಅಂಕಿಪಟ್ಟಿಯಲ್ಲಿ ಈ 14 ಸೆಕೆಂಡ್‌ಗೆ ಇವನ ಹೆಸರಿನ ಮುಂದೆ ಏನೂ ಬರಲಿಲ್ಲ. ನಾನು ಅದನ್ನು 11 ಸಲ ನೋಡಿದೆ.

ಟಿವಿ ಪ್ರಸಾರ ಇದಕ್ಕೆ ಸಾಲದು. ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ಹತ್ತೂ ಜನ ಕಾಣುವ ದೂರದ ಕ್ಯಾಮೆರಾದ ವಿಡಿಯೊ ಬೇಕು. ಅದರಲ್ಲಿ ಕೆಲವು ಸಲ ಬೆಂಚ್ ಕೂಡ ಕಾಣುತ್ತದೆ. ಹೊರಗೆ ಕರೆದಾಗ ಹುಡುಗ ಎಲ್ಲಿ ಕೂರುತ್ತಾನೆ ಅಂತ ನೋಡುತ್ತೇನೆ. ಕೆಲವರು ಬೆಂಚಿನ ಕೊನೆಗೆ ಹೋಗಿ ಟವೆಲ್ ತಲೆ ಮೇಲೆ ಹಾಕಿಕೊಳ್ಳುತ್ತಾರೆ. ಇವನು ಅಸಿಸ್ಟೆಂಟ್ ಕೋಚ್ ಪಕ್ಕ ಕೂತು ಏನೋ ಕೇಳುತ್ತಿದ್ದ.

ಆಮೇಲೆ ಫೋನ್. ಹಳೆಯ ಹೆಡ್ ಕೋಚ್‌ಗೆ ಮಾಡಿದರೆ "ಒಳ್ಳೆ ಹುಡುಗ" ಅನ್ನುತ್ತಾರೆ, ಎಲ್ಲರ ಬಗ್ಗೆಯೂ ಹಾಗೇ. ನಾನು ಮಾಡುವುದು ಆ ತಂಡದ ಮ್ಯಾನೇಜರ್ ಹುಡುಗರಿಗೆ, ಅಂದರೆ ಚೆಂಡು ಹೆಕ್ಕಿಕೊಡುವಂಥ ಕೆಲಸ ಮಾಡುವ ವಿದ್ಯಾರ್ಥಿಗಳಿಗೆ. ನಾನೂ ಒಂದು ಕಾಲದಲ್ಲಿ ಅದೇ ಕೆಲಸ ಮಾಡಿದವನು. ರಾತ್ರಿ ಯಾರು ಜಿಮ್‌ಗೆ ಬರುತ್ತಾರೆ, ಬೆವರಿನ ಬಟ್ಟೆಯನ್ನು ಬುಟ್ಟಿಗೆ ಹಾಕುವವರು ಯಾರು, ನೆಲದ ಮೇಲೆ ಬಿಟ್ಟು ಹೋಗುವವರು ಯಾರು ಅಂತ ಅವರಿಗೆ ಗೊತ್ತಿರುತ್ತದೆ. ಈ ಫಾರ್ವರ್ಡ್ ಬಗ್ಗೆ ಒಬ್ಬ ಮ್ಯಾನೇಜರ್ ಹೇಳಿದ್ದು: "ಸರ್, ಅವನು ಆಡದ ದಿನ ಕೂಡ ಆಟ ಮುಗಿದ ಮೇಲೆ ಶೂಟ್ ಮಾಡೋಕೆ ಬರ್ತಾನೆ. ಹೋಗುವಾಗ ನನ್ನನ್ನ ರೂಮ್‌ವರೆಗೂ ಬಿಟ್ಟು ಹೋಗ್ತಾನೆ."

ದುಡ್ಡಿನ ವಿಷಯವನ್ನೂ ಮುಚ್ಚಿಡಬಾರದು. 2021ರ ಜುಲೈನಿಂದ ಆಟಗಾರರು ಜಾಹೀರಾತಿನಂಥವುಗಳಲ್ಲಿ ತಮ್ಮ ಹೆಸರು ಬಳಸಿ ದುಡಿಯಬಹುದು, 2025ರ ಜುಲೈನಿಂದ ಕಾಲೇಜುಗಳೇ ತಮ್ಮ ಕ್ರೀಡಾ ಆದಾಯದಲ್ಲಿ ನೇರವಾಗಿ ಪಾಲು ಕೊಡಬಹುದು. ಹುಡುಗ ಹೆಚ್ಚು ದುಡ್ಡು ಕೊಡುವ ಕಡೆ ಹೋದರೆ ಅವನಲ್ಲಿ ನಿಷ್ಠೆ ಇಲ್ಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಎಷ್ಟೋ ಮನೆಗಳಿಗೆ ಅದು ಮೊದಲ ದೊಡ್ಡ ಸಂಪಾದನೆ. ಯಾಕೆ ಬಿಡುತ್ತಿದ್ದಾನೆ ಅಂತ ಕೇಳುತ್ತೇನೆ, ಉತ್ತರ ದುಡ್ಡು ಅಂತ ಬಂದರೆ ಅದನ್ನು ಅವನ ವಿರುದ್ಧ ಹಿಡಿಯುವುದಿಲ್ಲ.

ಆ ಫಾರ್ವರ್ಡ್‌ನನ್ನು ಕರೆಯೋಣ ಅಂದಾಗ ಕೋಚ್ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "3 ಪಾಯಿಂಟ್ ಹುಡುಗನಾ?" ಅಂದರು. ನಾನು ಆ 14 ಸೆಕೆಂಡ್ ಹಾಕಿದೆ. ಎರಡು ಸಲ ನೋಡಿ, "ಸರಿ, ಅವನ ಅಮ್ಮನಿಗೆ ಫೋನ್ ಮಾಡು" ಅಂದರು. ಬಂದ ವರ್ಷ ಆಟಕ್ಕೆ 28 ನಿಮಿಷ ಆಡಿದ, 11 ಪಾಯಿಂಟ್, 8 ರೀಬೌಂಡ್. ನಾವು ಅವನಿಗಾಗಿ ಒಂದೇ ಒಂದು ಹೊಸ ಪ್ಲೇ (ದಾಳಿಯ ಯೋಜನೆ) ಬರೆಯಲಿಲ್ಲ.

ಮುಂದಿನ ವಸಂತದಲ್ಲಿ ಅವನೂ ಪೋರ್ಟಲ್‌ಗೆ ಹೋದ. ನಮಗೆ ಕೊಡಲಾಗದಷ್ಟು ದುಡ್ಡು ಬೇರೆ ಕಡೆ ಸಿಗುತ್ತಿತ್ತು. ಎರಡು ದಿನದಲ್ಲಿ ಒಂದು ದೊಡ್ಡ ಕಾಲೇಜಿನಿಂದ ನನಗೆ ಕರೆ ಬಂತು, ಆ ಕಡೆ ನನ್ನ ಥರದ್ದೇ ಕೆಲಸ ಮಾಡುವ ಒಬ್ಬ ಹುಡುಗ. 11 ಪಾಯಿಂಟ್ ನಿಜವಾ ಅಂತ ಕೇಳಿದ. ಪಾಯಿಂಟ್ ಬಿಡಿ, ರೀಬೌಂಡ್ ನಿಮ್ಮಲ್ಲೂ ಬರುತ್ತದೆ ಅಂದೆ. ಎಡಗೈ ಇನ್ನೂ ಸಾಲದು, ದಪ್ಪ ಸೆಂಟರ್‌ಗಳ ಎದುರು ಬೇಗ ಫೌಲ್ ಮಾಡುತ್ತಾನೆ ಅಂತಲೂ ಹೇಳಿದೆ. ಮ್ಯಾನೇಜರ್ ನಂಬರ್ ಬೇಕಾ ಅಂತ ಕೇಳಿದೆ. ಬೇಕು ಅಂದ. ಬರೆದುಕೊಳ್ಳುವ ಪೆನ್ನಿನ ಸದ್ದು ಕೇಳಿಸಿತು. ಆಮೇಲೆ ಆ 14 ಸೆಕೆಂಡ್ ವಿಡಿಯೊ ಅವನಿಗೆ ಕಳಿಸಿದೆ.