ದರ ಬದಲಾದ ಲಾಟುಗಳನ್ನಷ್ಟೇ ಬರೆಯುವುದು ಹೇಗೆ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಗೆ ವೆಬ್ ಅಪ್ಲಿಕೇಶನ್ ಬರೆದುಕೊಟ್ಟಿದ್ದೆ. ಟೆಂಡರ್ ಮುಗಿದ ಮೇಲೆ ಕಡ್ಡಿ, ಡಬ್ಬಿ ತಳಿಗಳ ಎಲ್ಲ ಲಾಟುಗಳ (ಒಟ್ಟಿಗೆ ಮಾರುವ ಚೀಲಗಳ ಗುಂಪುಗಳ) ದರವಿರುವ ಫೈಲನ್ನು ಗುಮಾಸ್ತರು ಅಪ್ಲೋಡ್ ಮಾಡಿದರೆ ಪುಟ ಬಹಳ ಹೊತ್ತು ಸುತ್ತುತ್ತಲೇ ಇರುತ್ತಿತ್ತು. ತಪ್ಪು ನನ್ನದೇ ಆಗಿತ್ತು. ಲೂಪಿನೊಳಗೆ ಒಂದೊಂದೇ ಲಾಟನ್ನು ಓದಿ, ದರ ತುಂಬಿ, ಸೇವ್ ಮಾಡುತ್ತಿದ್ದೆ. ಹೀಗೆ ಮಾಡಿದರೆ ಓದಲು ಒಂದು, ಬರೆಯಲು ಒಂದರಂತೆ 1000 ಲಾಟುಗಳಿಗೆ 2000 ಕ್ವೆರಿಗಳು, ಅಂದರೆ ಡೇಟಾಬೇಸಿಗೆ ಕೊಡುವ ಆದೇಶಗಳು, ಆಗುತ್ತವೆ. ಒಂದು ಕ್ವೆರಿ ಸರ್ವರಿಗೆ ಹೋಗಿಬರಲು 2 ಮಿಲಿಸೆಕೆಂಡು ಹಿಡಿದರೂ ಬರೀ ಓಡಾಟಕ್ಕೇ 4 ಸೆಕೆಂಡು ಬೇಕು. ಅದರ ಮೇಲೆ, ಬದಲಾವಣೆಯನ್ನು ಕಾಯಂ ಮಾಡುವ ಪ್ರತಿ ಕಮಿಟ್‌ಗೂ ಬದಲಾವಣೆಗಳ ದಾಖಲೆಯಾದ ಲಾಗ್ ಡಿಸ್ಕಿಗೆ ಇಳಿಯುವ ತನಕ ಡೇಟಾಬೇಸ್ ಕಾಯಬೇಕು.

ಮೊದಲು ಇಡೀ ಫೈಲನ್ನು, ಎಲ್ಲ ಬದಲಾವಣೆಗಳೂ ಒಟ್ಟಿಗೇ ಕಾಯಂ ಆಗುವ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಸೇರಿಸಿ. ಕಮಿಟ್ ಒಂದೇ ಸಲ ಆಗುತ್ತದೆ. ಆಮೇಲೆ ಹೊಸ ದರಗಳನ್ನೆಲ್ಲ ಒಂದು ತಾತ್ಕಾಲಿಕ ಟೇಬಲ್ಲಿಗೆ ಒಟ್ಟಿಗೆ ಸುರಿದು, ಲಾಟ್ ನಂಬರಿನ ಮೂಲಕ ಮುಖ್ಯ ಟೇಬಲ್ಲಿಗೆ ಜೋಡಿಸಿ, ಒಂದೇ ಅಪ್ಡೇಟ್ ಕೊಡಿ. ಡೇಟಾಬೇಸುಗಳ ಪೈಕಿ ಪೋಸ್ಟ್‌ಗ್ರೆಸ್‌ನಲ್ಲಿ ಇದಕ್ಕೆ ‘ಅಪ್ಡೇಟ್ – ಫ್ರಮ್’, ಮೈಎಸ್‌ಕ್ಯೂಎಲ್‌ನಲ್ಲಿ ‘ಅಪ್ಡೇಟ್ – ಜಾಯಿನ್’ ಇದೆ. ಲಾಟ್ ನಂಬರಿಗೆ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಇರಬೇಕೆಂಬುದನ್ನು ಹೇಳಬೇಕಾಗಿಲ್ಲ.

ಇಷ್ಟಾದರೂ ಹೆಚ್ಚಿನವರು ಗಮನಿಸದ ಇನ್ನೊಂದು ಖರ್ಚಿದೆ. ಗುಮಾಸ್ತರು ಎರಡು ಲಾಟುಗಳ ದರ ತಿದ್ದಿ ಅದೇ ಫೈಲನ್ನು ಮತ್ತೆ ಅಪ್ಲೋಡ್ ಮಾಡುತ್ತಾರೆ. ಉಳಿದ 998 ಲಾಟುಗಳ ದರ ಮೊದಲಿನದೇ ಆಗಿದ್ದರೂ ಪೋಸ್ಟ್‌ಗ್ರೆಸ್ ಪ್ರತಿಯೊಂದಕ್ಕೂ ಸಾಲಿನ ಹೊಸ ಪ್ರತಿಯನ್ನು ಬರೆಯುತ್ತದೆ, ಹಳೆಯ ಪ್ರತಿ ವ್ಯಾಕ್ಯೂಮ್ ಎಂಬ ಅದರ ಸ್ವಚ್ಛತಾ ಕೆಲಸ ಬಂದು ಗುಡಿಸುವವರೆಗೆ ಅಲ್ಲಿಯೇ ಬಿದ್ದಿರುತ್ತದೆ. (ಮೈಎಸ್‌ಕ್ಯೂಎಲ್ ಬೆಲೆ ಅದೇ ಎಂದು ಕಂಡರೆ ಸಾಲನ್ನು ಮುಟ್ಟುವುದಿಲ್ಲ.) ಆದ್ದರಿಂದ, ಯಾವ ಸಾಲುಗಳು ಬದಲಾಗಬೇಕೆಂದು ಹೇಳುವ ‘ವೇರ್’ ಭಾಗದಲ್ಲಿ, ಹಳೆಯ ದರ ಹೊಸ ದರಕ್ಕಿಂತ ಬೇರೆಯಾಗಿರಬೇಕೆಂಬ ಷರತ್ತನ್ನೂ ಸೇರಿಸಿ. ಅಲ್ಲಿ ಸಾಮಾನ್ಯವಾದ ‘ಸಮವಲ್ಲ’ ಚಿಹ್ನೆಯನ್ನು ಹಾಕಬೇಡಿ: ಟೆಂಡರಿಗೆ ಮುಂಚೆ ದರದ ಕಾಲಮಿನಲ್ಲಿ ನಲ್ (ಬೆಲೆಯೇ ಇಲ್ಲ ಎಂಬ ಗುರುತು) ಇರುತ್ತದೆ, ನಲ್ ಜೊತೆಗಿನ ಹೋಲಿಕೆ ನಿಜವೂ ಅಲ್ಲ ಸುಳ್ಳೂ ಅಲ್ಲ, ಹೀಗಾಗಿ ಮೊದಲ ಸಲ ದರ ಬರಬೇಕಾದ ಲಾಟುಗಳೇ ಬಿಟ್ಟುಹೋಗುತ್ತವೆ. ಅದರ ಬದಲು ಪೋಸ್ಟ್‌ಗ್ರೆಸ್‌ನ, ನಲ್ಲನ್ನೂ ಸರಿಯಾಗಿ ಹೋಲಿಸುವ ‘ಈಸ್ ಡಿಸ್ಟಿಂಕ್ಟ್ ಫ್ರಮ್’ ಬಳಸಿದರೆ ಈ ತೊಡಕಿಲ್ಲ.

ದರದ ಕಾಲಮಿಗೂ ನಾನೊಂದು ಇಂಡೆಕ್ಸ್ ಇಟ್ಟಿದ್ದೆ. ದರದಿಂದ ಹುಡುಕುವವರು ಯಾರೂ ಇರಲಿಲ್ಲ. ಬದಲಾಗುವ ಕಾಲಮಿನ ಮೇಲೆ ಇಂಡೆಕ್ಸ್ ಇದ್ದರೆ ಪೋಸ್ಟ್‌ಗ್ರೆಸ್ ಆ ಟೇಬಲ್ಲಿನ ಉಳಿದ ಇಂಡೆಕ್ಸುಗಳಲ್ಲೂ ಹೊಸ ನಮೂದು ಹಾಕಬೇಕಾಗುತ್ತದೆ. ಅದನ್ನು ತೆಗೆದುಹಾಕಿದೆ.

ಚೀಲಗಳ ಲೆಕ್ಕ ಮಾತ್ರ ಬೇರೆ. ಇಬ್ಬರು ಗುಮಾಸ್ತರು ಏಕಕಾಲಕ್ಕೆ 40 ಎಂದು ಓದಿ, ಒಬ್ಬರು 5 ಕಳೆದು 35, ಇನ್ನೊಬ್ಬರು 10 ಕಳೆದು 30 ಎಂದು ಬರೆದರೆ ಒಂದು ಮಾರಾಟ ಮಾಯವಾಗುತ್ತದೆ. ಓದಿ ಬರೆಯದೆ ‘ಚೀಲ = ಚೀಲ – 5’ ಎಂದು ಡೇಟಾಬೇಸಿಗೇ ಕಳೆಯಲು ಹೇಳಿ; ಒಂದು ಕ್ವೆರಿಯ ಉಳಿತಾಯವೂ ಆಗುತ್ತದೆ.

ಕೊನೆಗೆ, ಅಪ್ಡೇಟ್ ಆದ ಸಾಲುಗಳ ಸಂಖ್ಯೆಯನ್ನು ಪುಟದಲ್ಲಿ ತೋರಿಸಿ. ಎರಡು ಲಾಟು ತಿದ್ದಿದವರಿಗೆ 2 ಎಂದೇ ಕಾಣಬೇಕು; 1000 ಎಂದು ಕಂಡರೆ ಷರತ್ತು ಎಲ್ಲೋ ಬಿಟ್ಟುಹೋಗಿದೆ.