ಎಂಟು ಬೆಡ್‌ನ ಐಸಿಯುನಿಂದ ಎನ್‌ಪಿಸಿಸಿ ರೆಸಿಡೆನ್ಸಿಗೆ: ನನ್ನ ಅನುಭವ

ನಮ್ಮ ಐಸಿಯುನ ನರ್ಸ್ ಹುಡುಗಿಯರು ನಾಲ್ಕೈದು ಮಂದಿ ನರ್ಸ್ ಪ್ರಾಕ್ಟಿಷನರ್ ಇನ್ ಕ್ರಿಟಿಕಲ್ ಕೇರ್, ಅಂದರೆ ಎನ್‌ಪಿಸಿಸಿ ಸೀಟು ತೆಗೆದುಕೊಂಡು ಹೋಗಿದ್ದಾರೆ. ಮೊದಲ ವರ್ಷ ಚೆನ್ನಾಗಿಯೇ ದಾಟಿದ್ದಾರೆ. ಅದಕ್ಕೇ ಅವರನ್ನು ಹೇಗೆ ತಯಾರು ಮಾಡಿದೆ ಎಂದು ಈಗ ಬರೆಯುತ್ತಿದ್ದೇನೆ. "ಕಾರವಾರ ಕಡೆಯ ಎಂಟು ಬೆಡ್ ಇಟ್ಟುಕೊಂಡು ಏನು ತಯಾರಿ ಮಾಡಿಸ್ತೀರಿ ಸಿಸ್ಟರ್, ಮಂಗಳೂರಿಗೆ ಕಳಿಸಿ ಸುಮ್ನೆ" ಎಂದು ನಮ್ಮ ಡಾಕ್ಟರುಗಳೇ ಹೇಳಿದ್ದರು.

ಕೋರ್ಸಿನ ಬಗ್ಗೆ ಎರಡು ಮಾತು. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ತಂದ ಎರಡು ವರ್ಷದ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಕಲಿಯುವುದು. ಥಿಯರಿ 20 ಭಾಗ, ಉಳಿದ 80 ಭಾಗ ಬೆಡ್ ಪಕ್ಕದಲ್ಲೇ. ಅಮೆರಿಕದ ಹಲವು ರಾಜ್ಯಗಳ ಅಕ್ಯೂಟ್ ಕೇರ್ ನರ್ಸ್ ಪ್ರಾಕ್ಟಿಷನರ್ ಹಾಗೆ ಸ್ವತಂತ್ರವಾಗಿ ಔಷಧ ಬರೆಯುವಂತಿಲ್ಲ, ಆಸ್ಪತ್ರೆಯ ಪ್ರೋಟೋಕಾಲ್ ಒಳಗೇ ಕೆಲಸ. ಸೇರುವ ಮುಂಚೆ ಬಿಎಸ್ಸಿ ಮುಗಿಸಿ ಒಂದು ವರ್ಷ ಪೇಶೆಂಟ್ ನೋಡುವ ಕೆಲಸದಲ್ಲಿ, ಆದಷ್ಟು ಕ್ರಿಟಿಕಲ್ ಕೇರ್‌ನಲ್ಲೇ, ದುಡಿದಿರಬೇಕು. ನಾನು ಕೈ ಹಾಕಿದ್ದು ಆ ಒಂದು ವರ್ಷಕ್ಕೆ. ಎಲ್ಲ ಕಡೆ ಆ ವರ್ಷ ಇಂಜೆಕ್ಷನ್ ಕೊಡುವುದರಲ್ಲಿ, ಚಾರ್ಟ್ ತುಂಬುವುದರಲ್ಲಿ ಕಳೆದುಹೋಗುತ್ತದೆ. ಹುಡುಗಿಗೆ ವೆಂಟಿಲೇಟರ್ ಅಲಾರ್ಮ್ ಆಫ್ ಮಾಡಲು ಬರುತ್ತದೆ, ಅದು ಯಾಕೆ ಕೂಗಿತು ಎಂದು ಹೇಳಲು ಬರುವುದಿಲ್ಲ.

ಮೊದಲು ಆನ್‌ಲೈನ್ ಕೋಚಿಂಗ್ ಕೊಡಿಸಿದೆವು. ತಲೆಗೆ ಹತ್ತು ಹನ್ನೆರಡು ಸಾವಿರ ಆಯಿತು. ಹದಿನೈದು ಸಾವಿರದ ಆಸುಪಾಸು ಸಂಬಳದಲ್ಲಿ ಅದು ಸಣ್ಣ ದುಡ್ಡಲ್ಲ. ಎಂಸಿಕ್ಯೂ ಬಾಯಿಪಾಠ ಆಯಿತು. ಸೀಟಿನ ಸಂದರ್ಶನದಲ್ಲಿ "ನೀನು ನೋಡಿದ ಒಂದು ಕೇಸ್ ಹೇಳಮ್ಮ" ಎಂದಾಗ ಬಾಯಿ ಕಟ್ಟಿತು. ಆಮೇಲೆ ಭಾನುವಾರ ಕ್ಲಾಸ್ ಇಟ್ಟೆ. ಅಂಕೋಲಾ, ಹೊನ್ನಾವರ, ಯಲ್ಲಾಪುರದ ಹುಡುಗಿಯರು, ರಜೆ ಸಿಕ್ಕರೆ ಮನೆಗೆ ಓಡುತ್ತಾರೆ. ಓಡಬೇಕಾದ್ದೇ. ಮ್ಯಾನಿಕಿನ್, ಅಂದರೆ ಅಭ್ಯಾಸದ ಬೊಂಬೆ, ಕೊಡಿಸಿ ಎಂದು ಕೊಟೇಶನ್ ತರಿಸಿದೆ. ಲಕ್ಷಗಟ್ಟಲೆ ಬಂತು. ಮ್ಯಾನೇಜ್‌ಮೆಂಟ್ ಆ ಹಾಳೆಯನ್ನು ತಿರುಗಿಯೂ ನೋಡಲಿಲ್ಲ.

ಕೈ ಹಿಡಿದದ್ದು ನೈಟ್ ಡ್ಯೂಟಿ. ಎರಡು ಮೂರು ಗಂಟೆಗೆ ವಾರ್ಡು ತಣ್ಣಗಾದಾಗ ಒಬ್ಬ ಪೇಶೆಂಟ್, ಒಬ್ಬ ಹುಡುಗಿ, ಎರಡು ನಿಮಿಷ. ಫೈಲ್ ಮುಚ್ಚಿರಬೇಕು. ಇವರಿಗೆ ಏನಾಗಿದೆ, ಹಾಗೆಂದು ಯಾಕೆ ಅನ್ನಿಸಿತು, ಬೆಳಗಾಗುವುದರೊಳಗೆ ಏನು ಕೆಡಬಹುದು, ಇಷ್ಟು ಹೇಳಬೇಕು. ಆಮೇಲೆ ನನ್ನ ಮೂರು ಪ್ರಶ್ನೆ. ಆ ಮೂರನ್ನು ಇಲ್ಲಿ ಬರೆಯುವುದಿಲ್ಲ, ಅವು ನನ್ನ ಹುಡುಗಿಯರಿಗೆ ಮಾತ್ರ.

ನಮ್ಮ ಜಿಲ್ಲೆಯ ಕೇಸುಗಳೇ ಒಂದು ಪಠ್ಯಪುಸ್ತಕ. ಮಳೆಗಾಲದಲ್ಲಿ ಇಲಿಜ್ವರ, ಸಿದ್ದಾಪುರ, ಶಿರಸಿ ಕಡೆಯಿಂದ ಮಂಗನಕಾಯಿಲೆ, ತೋಟದ ಔಷಧ ಕುಡಿದು ಬಂದವರು, ಅಡಿಕೆ ಮರದಿಂದ ಬಿದ್ದವರು, ಗೋಕರ್ಣದ ಸಮುದ್ರದಲ್ಲಿ ಮುಳುಗಿ ಬದುಕಿ ಬಂದವರು. ದೊಡ್ಡ ಊರಿನ ಐಸಿಯುನಲ್ಲಿ ಒಂದೇ ಕಡೆ ಇಷ್ಟು ಬಗೆ ಸಿಗುವುದು ಕಷ್ಟ, ಅಲ್ವಾ?

ಹಾವು ಕಡಿತದ ಒಂದು ಕೇಸ್ ಹೇಳುತ್ತೇನೆ. ಘಟ್ಟದ ಮೇಲಿನ ತೋಟದವರು, ಪಾದಕ್ಕೆ ಕಡಿದಿತ್ತು. 20 ನಿಮಿಷದ ಟ್ಯೂಬ್ ಟೆಸ್ಟ್‌ನಲ್ಲಿ ರಕ್ತ ಹೆಪ್ಪುಗಟ್ಟಲಿಲ್ಲ. ಹತ್ತು ವಯಲ್ ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಮದ್ದು, ಹೋಗಿತ್ತು. ಆರು ಗಂಟೆ ಬಿಟ್ಟು ಮತ್ತೆ ನೋಡಿದರೂ ಟ್ಯೂಬ್ ಓರೆ ಮಾಡಿದಾಗ ರಕ್ತ ನೀರಿನ ಹಾಗೆ ಹರಿಯಿತು. ಎಲ್ಲರೂ ಇನ್ನೊಂದು ಡೋಸ್ ಎನ್ನುತ್ತಿದ್ದರು. ಅವತ್ತು ಕೇಸ್ ಹೇಳುತ್ತಿದ್ದ ಹುಡುಗಿ ಮನೆಯವರ ಮೊಬೈಲ್ ಇಸಿದುಕೊಂಡು ಹಾವಿನ ಫೋಟೋ ನೋಡಿದಳು. ಮೂತಿ ಮೇಲಕ್ಕೆ ತಿರುಗಿದ ಗಿಡ್ಡ ಹಾವು, ಹಂಪ್ ನೋಸ್ಡ್ ಪಿಟ್ ವೈಪರ್. ನಮ್ಮ ಎಎಸ್‌ವಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೆ ಮಾತ್ರ. ಇದಕ್ಕೆ ಎಷ್ಟು ಸುರಿದರೂ ಪ್ರಯೋಜನ ಇಲ್ಲ. ಇದರ ವಿಷ ಕಿಡ್ನಿಗೂ ಹೊಡೆಯಬಹುದು. "ಅಕ್ಕಾ, ಇನ್ನು ನೋಡಬೇಕಾದ್ದು ಮೂತ್ರ" ಎಂದಳು. ಡಾಕ್ಟರಿಗೆ ಫೋನ್ ಮಾಡಿದೆವು. ಎರಡನೇ ಡೋಸ್ ನಿಂತಿತು. ಕಿಡ್ನಿ ಕೈಕೊಡುವ ಮೊದಲೇ ಡಯಾಲಿಸಿಸ್ ಇರುವ ಕಡೆ ಕಳಿಸಿದೆವು.

ಅಂದಹಾಗೆ ಆ ಟ್ಯೂಬ್ ಗಾಜಿನದೇ ಆಗಿರಬೇಕು. ಪ್ಲಾಸ್ಟಿಕ್ ಆದರೆ ಸರಿ ಇರುವ ರಕ್ತವೂ ಹೆಪ್ಪುಗಟ್ಟದೆ ಮೋಸ ಮಾಡುತ್ತದೆ. ಸೋಪಿನಲ್ಲಿ ತೊಳೆದದ್ದೂ ಬೇಡ. ನಮ್ಮ ಲ್ಯಾಬಿನಲ್ಲಿ ಇದ್ದವೆಲ್ಲ ಪ್ಲಾಸ್ಟಿಕ್. ನನ್ನ ದುಡ್ಡಿನಲ್ಲೇ ಒಂದು ಡಬ್ಬಿ ಗಾಜಿನವು ತಂದಿಟ್ಟೆ.

ವೆಂಟಿಲೇಟರ್‌ಗೆ ಟೈಲರ್ ಟೇಪ್ ಸಾಕಾಯಿತು. ಇಲಿಜ್ವರದಲ್ಲಿ ಶ್ವಾಸಕೋಶಕ್ಕೆ ರಕ್ತ ಇಳಿದ ಒಬ್ಬ ಮೀನು ಮಾರುವ ಅಮ್ಮ ಬಂದಿದ್ದರು. ಅಳತೆ 150 ಸೆಂಟಿಮೀಟರ್. ಎತ್ತರದಿಂದ ತೆಗೆದ ಲೆಕ್ಕದ ತೂಕ 43 ಕೆಜಿ ಚಿಲ್ಲರೆ. ಕೆಜಿಗೆ 6 ಎಂಎಲ್ ಅಂದರೆ ಟೈಡಲ್ ವಾಲ್ಯೂಮ್, ಒಂದು ಉಸಿರಿಗೆ ಮೆಷಿನ್ ತಳ್ಳುವ ಗಾಳಿ, 260ರ ಹತ್ತಿರ. ಮೆಷಿನ್ ಮೇಲೆ 400 ಇತ್ತು. ನೋಡಿದರೆ ದಪ್ಪಗಿದ್ದರು, ಅಂದಾಜಿಗೆ ಇಟ್ಟಿದ್ದರು. ಈಗ ನಮ್ಮಲ್ಲಿ ಟೇಪ್ ಹಿಡಿಯದೆ ಯಾರೂ ವೆಂಟಿಲೇಟರ್ ಸೆಟ್ಟಿಂಗ್ ಬರೆಯುವುದಿಲ್ಲ.

ಆಂಬುಲೆನ್ಸ್ ಲೆಕ್ಕವನ್ನೂ ಮಾಡಿಸುತ್ತೇನೆ. ದೊಡ್ಡ ಆಸ್ಪತ್ರೆ ಬೇಕು ಎಂದು ಜಿಲ್ಲೆಯವರು ಕೂಗಿದ್ದು ನಿಮಗೂ ಗೊತ್ತು. ಅದು ಬರುವವರೆಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಓಡಲೇಬೇಕು. ತುಂಬಿದ ಬಿ ಟೈಪ್ ಆಕ್ಸಿಜನ್ ಸಿಲಿಂಡರ್‌ನಲ್ಲಿ 1,500 ಲೀಟರ್. ನಿಮಿಷಕ್ಕೆ ಹತ್ತು ಲೀಟರ್ ಹೋದರೆ ಎರಡೂವರೆ ಗಂಟೆ. ಹುಬ್ಬಳ್ಳಿ ದಾರಿಯ ಅರಬೈಲ್ ಘಾಟಿಯಲ್ಲಿ ಲಾರಿ ಅಡ್ಡ ನಿಂತರೆ ಒಂದು ಸಿಲಿಂಡರ್ ಎಲ್ಲಿಗೆ ಸಾಲುತ್ತದೆ? ಇದನ್ನು ಬಾಯಿಲೆಕ್ಕದಲ್ಲಿ ಹೇಳಿದವಳಿಗೇ ಪೇಶೆಂಟ್ ಜೊತೆ ಹೋಗಲು ಬಿಡುತ್ತೇನೆ.

ಮ್ಯಾನಿಕಿನ್ ಬದಲಿಗೆ ಮಟನ್ ಅಂಗಡಿ ಇತ್ತಲ್ಲ. ಕುರಿಯ ಶ್ವಾಸನಾಳ ಐವತ್ತೋ ಅರವತ್ತೋ ರೂಪಾಯಿಗೆ ಸಿಕ್ಕಿತು, ಪಕ್ಕೆಲುಬಿನ ತುಂಡು ಅದಕ್ಕಿಂತ ಜಾಸ್ತಿ. ಕ್ರೈಕೋ (ಕತ್ತಿನಲ್ಲಿ ಉಸಿರಿಗೆ ದಾರಿ ಮಾಡುವುದು), ಚೆಸ್ಟ್ ಟ್ಯೂಬ್ (ಎದೆಗೂಡಿಗೆ ನಳಿಕೆ ಹಾಕುವುದು) ಎರಡೂ ಕೈಗೆ ಕೂತವು. ಅಲ್ಟ್ರಾಸೌಂಡ್‌ನಲ್ಲಿ ಸೂಜಿ ಹಾಕುವ ಅಭ್ಯಾಸಕ್ಕೆ ಜಿಲೆಟಿನ್ ಗಟ್ಟಿ ಮಾಡಿ ನೋಡಿದೆ. ಏಪ್ರಿಲ್ ಸೆಕೆಗೆ, ಕರೆಂಟ್ ಹೋದ ಹೊತ್ತಿಗೆ, ಪಾಯಸ ಆಯಿತು. ಚೈನಾ ಗ್ರಾಸ್‌ಗೆ, ಅಂದರೆ ಅಗರ್‌ಗೆ, ಬದಲಾಯಿಸಿದೆ. ಅದು ನೀರು ಕುದಿಯುವಷ್ಟು ಬಿಸಿಯ ಹತ್ತಿರ ಬಂದರೆ ಮಾತ್ರ ಕರಗುವುದು, ಹಾಗಾಗಿ ನಮ್ಮ ಸೆಕೆಗೆ ಬಗ್ಗಲಿಲ್ಲ. ಒಳಗೆ ನೀರು ತುಂಬಿದ ಉದ್ದ ಬಲೂನು ಇಟ್ಟರೆ ರಕ್ತನಾಳ. ಸ್ಕ್ರೀನಿನಲ್ಲಿ ಸುತ್ತಲಿನ ಮಾಂಸ ನಿಜದ ಹಾಗೆ ಕಾಣಲು ಅಡುಗೆಮನೆಯ ಒಂದು ಪುಡಿ ಬೆರೆಸುತ್ತೇನೆ. ಯಾವುದೆಂದು ನೀವೇ ಹುಡುಕಿ, ಸಿಗುತ್ತದೆ.

ಫೀಸ್ ವಿಷಯಕ್ಕೆ ಬರುತ್ತೇನೆ, ಹೆಚ್ಚಿನವರು ನಿಲ್ಲುವುದೇ ಅಲ್ಲಿ. ವರ್ಷಕ್ಕೆ ಲಕ್ಷದ ಮೇಲೆ ಕೇಳುವ ಕಾಲೇಜುಗಳಿವೆ. ಸ್ಟೈಪೆಂಡ್ ಒಂದೊಂದು ಕಡೆ ಒಂದೊಂದು ಥರ. ಒಬ್ಬ ಹುಡುಗಿಯ ಮೂಲ ಸರ್ಟಿಫಿಕೇಟುಗಳನ್ನು ಅವಳು ಹಿಂದೆ ಇದ್ದ ಆಸ್ಪತ್ರೆಯವರು ಬಾಂಡ್ ಹೆಸರಿನಲ್ಲಿ ಇಟ್ಟುಕೊಂಡಿದ್ದರು. ಬಿಡಿಸಿಕೊಳ್ಳಲು ಎರಡು ತಿಂಗಳ ಸಂಬಳ ಹೋಯಿತು. ಆಮೇಲೆ ನಾವೇ ಸಿಸ್ಟರುಗಳು ಒಂದು ಚೀಟಿ ಹಾಕಿದೆವು, ತಿಂಗಳಿಗೆ ಎರಡು ಸಾವಿರದಂತೆ. ಸೀಟು ಸಿಕ್ಕವಳಿಗೆ ಮೊದಲ ಚೀಟಿ, ಹರಾಜು ಇಲ್ಲ. ಹೋದವರಲ್ಲಿ ಒಬ್ಬಳೂ ಕಂತು ತಪ್ಪಿಸಿಲ್ಲ. ರೆಸಿಡೆನ್ಸಿಯ ಊರಿನಿಂದಲೇ ಫೋನ್‌ಪೇ ಮಾಡುತ್ತಾರೆ.

ಹೋದ ತಿಂಗಳು ಅವರಲ್ಲೊಬ್ಬಳು ಫೋನ್ ಮಾಡಿದಳು. ಅವಳ ಪ್ರಿಸೆಪ್ಟರ್, ಅಂದರೆ ಜೊತೆಗಿದ್ದು ಕಲಿಸುವವರು, ರೌಂಡ್ಸ್‌ನಲ್ಲಿ ಕೇಸ್ ಕೇಳಿ "ಯಾವ ಕಾರ್ಪೊರೇಟ್ ಐಸಿಯುನಿಂದ ಬಂದೆ" ಎಂದು ಕೇಳಿದರಂತೆ. ಕಾರವಾರ ಕಡೆ ಎಂದಳಂತೆ. ನನಗೆ ತುಂಬ ಖುಷಿಯಾಯಿತು.

ಶಿರಸಿ, ಕುಮಟಾದಲ್ಲಿ ಹೀಗೆ ಕೇಸ್ ಹೇಳಿಸುವುದನ್ನು ಶುರು ಮಾಡುವವರು ಜೂನ್‌ನಲ್ಲೇ ಮಾಡಿ. ಇಲಿಜ್ವರದ ಕೇಸುಗಳು ಆಗಲೇ ಬರತೊಡಗುತ್ತವೆ. ಕೇಸ್ ಬರೆಯಲು ಇನ್ನೂರು ಪುಟದ ನೋಟ್‌ಬುಕ್ ಸಾಕು, ಆದರೆ ಪೇಶೆಂಟ್ ಹೆಸರು, ಐಪಿ ನಂಬರ್ (ದಾಖಲಾತಿ ಸಂಖ್ಯೆ) ಹಾಕಬೇಡಿ. ಮೊದಲ ಎರಡು ವಾರ ಹುಡುಗಿಯರು ಫೈಲ್ ನೋಡಿಕೊಂಡೇ ಹೇಳುತ್ತಾರೆ. ಆಗ ಬಯ್ಯಬೇಡಿ, ಫೈಲ್ ಮಾತ್ರ ತೆಗೆದಿಟ್ಟುಕೊಳ್ಳಿ.